ಎರಡು ಗೆರೆ ಕಡಿಮೆ

ನಾನು ಒಂದು ಸ್ಪೀಕರ್ ಪೆಟ್ಟಿಗೆ. ಜೊತೆಯಲ್ಲಿ ಇನ್ನೊಬ್ಬನಿದ್ದಾನೆ, ಬಲಗಡೆಯವನು. ಅವನಿಗೆ ಮಾತು ಕಡಿಮೆ. ಆದ್ದರಿಂದ ಇಬ್ಬರ ಪರವಾಗಿಯೂ ಎಡಗಡೆಯವನಾದ ನಾನೇ ಹೇಳುತ್ತೇನೆ. ಇಷ್ಟು ವರ್ಷ ಬೇರೆಯವರ ಹಾಡು, ಬೇರೆಯವರ ವಾರ್ತೆ, ಬೇರೆಯವರ ನಗು ಅಳು ಎಲ್ಲ ಹೇಳಿ ಹೇಳಿ ಸಾಕಾಗಿದೆ. ಇದೊಂದು ನನ್ನದು. ಕೇಳುವುದಾದರೆ ಕೇಳಿ, ಇಲ್ಲವಾದರೆ ಎದ್ದು ಹೋಗಿ. ನನಗೇನೂ ಬೇಜಾರಿಲ್ಲ. ನಡುವೆ ಎದ್ದು ಹೋದವರನ್ನು ಬೇಕಾದಷ್ಟು ನೋಡಿದ್ದೇನೆ.

ನಾನು ಹುಟ್ಟಿದ್ದು ಮೈಸೂರಿನ ಕ್ಯಾತಮಾರನಹಳ್ಳಿಯಲ್ಲಿ, ಒಂದು ಶೀಟಿನ ಶೆಡ್ಡಿನಲ್ಲಿ. ನನ್ನನ್ನು ಮಾಡಿದವರು ವೀರಭದ್ರಾಚಾರ್ರು. ಅವರು ಇಪ್ಪತ್ತು ವರ್ಷ ರೇಡಿಯೋಗಳಿಗೆ ಮರದ ಪೆಟ್ಟಿಗೆ ಮಾಡಿಕೊಡುತ್ತಿದ್ದವರು. ಆಮೇಲೆ ಪ್ಲಾಸ್ಟಿಕ್ ಬಂತು, ಆ ಕೆಲಸ ನಿಂತಿತು. ಹೊಟ್ಟೆಪಾಡಿಗೆ ಬೀರು, ಮಂಚ ಮಾಡತೊಡಗಿದರು. ಮಂಚ ಮಾಡಿದ ದಿನವೆಲ್ಲ ಅವರು ಮನೆಯಲ್ಲಿ ಯಾರೊಡನೆಯೂ ಮಾತಾಡುತ್ತಿರಲಿಲ್ಲವಂತೆ. ದನಿ ಬರುವ ಮರ ಮಾಡಿ ರೂಢಿಯಾದ ಕೈಗೆ ಸುಮ್ಮನೆ ಬಿದ್ದಿರುವ ಮರ ಮಾಡುವುದು ಸೇರಲಿಲ್ಲ.

ಅದಕ್ಕೇ ನಾವು ಬಂದೆವು. ಬೆಂಗಳೂರಿಗೆ ಹೋಗಿ ದನಿ ಹೊರಡಿಸುವ ಕಾಗದದ ಕೋನು, ಅಯಸ್ಕಾಂತ, ತಂತಿ ತಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ್ನು ತೊಡೆಯ ಮೇಲಿಟ್ಟುಕೊಂಡೇ ಬಂದರಂತೆ. ಆರು ಜೊತೆ ಪೆಟ್ಟಿಗೆ ಮಾಡಿದರು. ಮೊದಲ ಜೊತೆ ನಾವು. ನನ್ನ ಬೆನ್ನಿಗೆ ಹಲಗೆ ಕೂರಿಸಿದ ದಿನ ಅವರು ಹೆಂಡತಿ ಪುಟ್ಟತಾಯಮ್ಮನಿಗೆ ಹೇಳಿದ್ದು ನನಗೆ ನೆನಪಿದೆ. ಈ ಆರು ಜೊತೆ ಹೋದರೆ ಇನ್ನು ಮಂಚಕ್ಕೆ ಕೈ ಹಾಕುವುದಿಲ್ಲ, ಹೋಗದಿದ್ದರೆ ಸಾಯುವ ತನಕ ಮಂಚವೇ ಗತಿ ಅಂದರು. ಆಕೆ ನಮ್ಮ ಮುಂದೆ ಕೂತು ಒಂದು ಹಾಡು ಪೂರ್ತಿ ಕೇಳಿ, ಚೆಂದಾಗಿದೆ ಅಂದರು. ಆಚಾರ್ರು ಆ ಮಾತನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಹೆಂಡತಿ ಹೊಗಳಿದ್ದನ್ನು ಲೆಕ್ಕಕ್ಕಿಟ್ಟುಕೊಳ್ಳುವ ಗಂಡಸು ಆ ಬೀದಿಯಲ್ಲಿ ಇರಲೂ ಇಲ್ಲ ಬಿಡಿ.

ಇಲ್ಲೊಂದು ವಿಷಯ ಹೇಳಲೇಬೇಕು. ನಮ್ಮ ಶೆಡ್ಡಿನ ಗೋಡೆಗೆ ಅಂಟಿಕೊಂಡು ಹಿಟ್ಟಿನ ಗಿರಣಿ ಇತ್ತು. ಎರಡಕ್ಕೂ ಒಂದೇ ಕರೆಂಟು ಲೈನು. ಗಿರಣಿಯವನು ಸಂಜೆ ಮೇನ್ ಸ್ವಿಚ್ಚು ಕೆಡವಿ ಬೀಗ ಹಾಕಿದರೆ ಇಲ್ಲೂ ಕತ್ತಲು. ಹಾಗಾಗಿ ಆಚಾರ್ರು ನಮ್ಮನ್ನು ಕೇಳಿದ್ದೆಲ್ಲ ಗಿರಣಿ ಗುರ್ರೆನ್ನುವಾಗಲೇ. ಅದರ ಮೇಲೆ ಕೇಳಿಸಬೇಕಲ್ಲ, ವಾಲ್ಯೂಮು ಯಾವಾಗಲೂ ಜೋರು. ನಾವು ಮೆಲ್ಲಗೆ ಹಾಡಿದರೆ ಹೇಗಿರುತ್ತೇವೆ ಎಂದು ನಮ್ಮನ್ನು ಮಾಡಿದವರಿಗೇ ಗೊತ್ತಿರಲಿಲ್ಲ.

ಮಾದರಿಗೆಂದು ನಮ್ಮೊಂದು ಜೊತೆಯನ್ನು ಶಿವರಾಂಪೇಟೆಯ ಒಂದು ಅಂಗಡಿಗೆ ಕೊಟ್ಟರು. ಮಿಕ್ಕ ಐದು ಜೊತೆ ಮನೆಯಲ್ಲಿ ಕಾಯುತ್ತಾ ಕೂತವು. ಅಂಗಡಿಯ ಮಹಡಿಯ ಮೇಲೆ ಕೇಳುವುದಕ್ಕೆಂದೇ ಒಂದು ಕೋಣೆ. ಕಂದು ಪರದೆ, ಎರಡು ಸೋಫಾ, ಒಂದು ಆಂಪ್ಲಿಫಯರ್. ನಮ್ಮ ಪಕ್ಕದಲ್ಲೇ ಮುಂಬಯಿಯಿಂದ ಬಂದ ಒಂದು ಜೊತೆ, ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಗುಂಡಿ ಒತ್ತಿದರೆ ನಾವು ಹಾಡಬೇಕು, ಮತ್ತೆ ಒತ್ತಿದರೆ ಅವು. ಆ ಕೋಣೆ ನೋಡಿಕೊಳ್ಳುತ್ತಿದ್ದವನು ದ್ವಾರಕಾನಾಥ. ಎಲ್ಲರೂ ದ್ವಾರ್ಕಿ ಎನ್ನುತ್ತಿದ್ದರು. ತೆಳ್ಳಗಿದ್ದ, ಮಾತು ಸಿಹಿ, ಎಡಗೈ ಚುರುಕು.

ಅಂಗಡಿ ಯಜಮಾನನಿಗೆ ಮುಂಬಯಿ ಜೊತೆಯಲ್ಲಿ ಲಾಭ ಹೆಚ್ಚು. ನಮ್ಮನ್ನು ಯಾಕಪ್ಪಾ ಇಟ್ಟುಕೊಂಡ ಎಂದರೆ, ಸೋಲುವುದಕ್ಕೆ. ಅದನ್ನು ಅವನು ದ್ವಾರ್ಕಿಗೆ ಮೊದಲ ದಿನವೇ ಹೇಳಿಕೊಟ್ಟ.

"ಹುಡುಗೀನ ನೋಡೋಕೆ ಬಂದಾಗ ಚೆಂದದ ತಂಗೀನ ಅಡುಗೆಮನೇಲಿ ಕೂರಿಸ್ತಾರಲ್ಲ, ಇದು ಅದರ ಉಲ್ಟಾ ಕಣಯ್ಯ. ಪಕ್ಕದಲ್ಲಿ ಒಂದು ಮಂಕಾಗಿರೋದು ಇದ್ರೇನೇ ಇನ್ನೊಂದು ಕಣ್ಣಿಗೆ ಬೀಳೋದು."

ದ್ವಾರ್ಕಿ ಮಾಡುತ್ತಿದ್ದುದು ಬಹಳ ಸಣ್ಣ ಕೆಲಸ. ಬಲಗೈಯಿಂದ ನಮ್ಮ ಗುಂಡಿ ಒತ್ತುವಾಗ ಎಡಗೈ ವಾಲ್ಯೂಮಿನ ಗುಂಡಿಯನ್ನು ಎರಡು ಗೆರೆ ಇಳಿಸುತ್ತಿತ್ತು. ಮುಂಬಯಿಯವರ ಗುಂಡಿ ಒತ್ತುವಾಗ ಎರಡು ಗೆರೆ ಏರಿಸುತ್ತಿತ್ತು. ಅಷ್ಟೇ. ಎರಡು ಗೆರೆ ಎಂದರೆ ಎಷ್ಟು? ಕಿವಿಗೆ ಅದು ಜೋರು ಅನ್ನಿಸುವುದಿಲ್ಲ. ಚೆನ್ನಾಗಿದೆ ಅನ್ನಿಸುತ್ತದೆ. ಎಲ್ಲ ಮೋಸವೂ ಅಲ್ಲೇ ಇರುವುದು. ಐದಾರು ಗೆರೆ ಏರಿಸಿದರೆ ಯಾರಾದರೂ ಹೇಳಿಬಿಡುತ್ತಾರೆ, ಏನಯ್ಯಾ ಸೌಂಡು ಜಾಸ್ತಿ ಮಾಡಿದೆ ಎಂದು. ಎರಡೇ ಗೆರೆ ಏರಿಸಿ ನೋಡಿ. ವೀಣೆಯ ತಂತಿ ಬಿಡಿಬಿಡಿಯಾಗಿ ಕೇಳಿತು ಅನ್ನುತ್ತಾರೆ, ಮೃದಂಗಕ್ಕೆ ಮೈ ಬಂತು ಅನ್ನುತ್ತಾರೆ, ಪರದೆ ಸರಿಸಿದಂತಾಯಿತು ಅನ್ನುತ್ತಾರೆ. ದನಿ ಇಳಿದಾಗ ಮನುಷ್ಯರ ಕಿವಿಯಿಂದ ಮೊದಲು ಹೋಗುವುದು ದಪ್ಪ ದನಿ. ಅದರ ಹಿಂದೆಯೇ ತೀರಾ ಸಣ್ಣ ಕಿಣಿಕಿಣಿ. ನಡುವಿನದು ಮಾತ್ರ ಉಳಿಯುತ್ತದೆ, ಬೇಳೆಯಿಲ್ಲದ ಸಾರಿನ ಹಾಗೆ. ಪೆಟ್ಟಿಗೆ ಅದೇ, ಕೋನೂ ಅದೇ. ಕೊರತೆ ಕಿವಿಯದು, ಬೈಗುಳ ಮಾತ್ರ ಪೆಟ್ಟಿಗೆಗೆ.

ವಾರಕ್ಕೆ ಹತ್ತು ಹನ್ನೆರಡು ಸಲ ನಾವು ಸೋಲುತ್ತಿದ್ದೆವು. ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿದೆ ಎಂದವರಿದ್ದಾರೆ. ನೆಗಡಿಯಾಗಿದೆಯಾ ಎಂದವರಿದ್ದಾರೆ. ನೋಡುವುದಕ್ಕೇನೋ ಲಕ್ಷಣವಾಗಿದೆ ಎಂದು ಒಬ್ಬಾಕೆ ನನ್ನ ತಲೆ ಸವರಿ ಹೋದಳು. ಮೊದಮೊದಲು ಬಹಳ ನೋಯುತ್ತಿತ್ತು. ಆಮೇಲೆ ನೋವಿಗೂ ಸುಸ್ತಾಯಿತು.

ಎಂಟು ತಿಂಗಳಾಗಿತ್ತು. ಅಂಗಡಿಯಿಂದ ಒಂದು ಜೊತೆಗೂ ಬೇಡಿಕೆ ಹೋಗಿರಲಿಲ್ಲ. ಒಂದು ದಿನ ಮಧ್ಯಾಹ್ನ ಮೆಟ್ಟಿಲು ಹತ್ತಿ ಒಬ್ಬರು ಬಂದರು. ಆಚಾರ್ರು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಬೆರಳಿನ ಪಾಲಿಶ್ ಕಲೆ ಕಾಣದಿರಲೆಂದು ಎರಡೂ ಕೈ ಜೇಬಿನಲ್ಲಿ. ಪೆಟ್ಟಿಗೆಯನ್ನು ಯಜಮಾನನ ಕೈಗೇ ಕೊಟ್ಟು ಹೋಗಿದ್ದರಿಂದ ದ್ವಾರ್ಕಿ ಅವರ ಮುಖ ನೋಡಿರಲಿಲ್ಲ. ಅವರೂ ತಾವು ಯಾರೆಂದು ಹೇಳಲಿಲ್ಲ. ಸ್ಪೀಕರ್ ಕೊಳ್ಳಬೇಕು, ಎರಡನ್ನೂ ಕೇಳಿಸಿ ಅಂದರು. ನಿಜ ತಿಳಿಯುವುದಕ್ಕೆ ಅದೇ ದಾರಿ ಎಂದುಕೊಂಡಿದ್ದರು, ಪಾಪ.

ದ್ವಾರ್ಕಿ ವೀಣೆಯ ಕ್ಯಾಸೆಟ್ಟು ಹಾಕಿದ. ನಮ್ಮ ಗುಂಡಿ ಒತ್ತಿದ. ಎಡಗೈ ತನ್ನ ಪಾಡಿಗೆ ತನ್ನ ಕೆಲಸ ಮಾಡಿತು.

ನಾನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹಾಡಿದೆ ಎಂದು ಹೇಳಬೇಕೆನ್ನಿಸುತ್ತದೆ. ಅದು ಸುಳ್ಳು. ತಂತಿಯಲ್ಲಿ ಎಷ್ಟು ಬರುತ್ತದೋ ಅಷ್ಟೇ ನನ್ನ ಶಕ್ತಿ. ಅದರ ಮೇಲೆ ಒಂದು ಕೂದಲೆಳೆಯಷ್ಟೂ ನನ್ನದಿಲ್ಲ. ಆಚಾರ್ರು ಮುಂದಕ್ಕೆ ಬಾಗಿದರು. ಶೆಡ್ಡಿನಲ್ಲಿ ಎದೆಗೆ ಗುದ್ದುತ್ತಿದ್ದ ದನಿ ಇಲ್ಲಿ ಸೋಫಾದ ತನಕವೂ ಬರಲಿಲ್ಲ. ಆಮೇಲೆ ಮುಂಬಯಿಯವರು ಹಾಡಿದರು. ಆಚಾರ್ರು ಮತ್ತೊಮ್ಮೆ ಅಂದರು. ಮೂರು ಸಲ ಕೇಳಿದರು. ಮೂರು ಸಲವೂ ಎಡಗೈ ತಪ್ಪಲಿಲ್ಲ.

"ಯಾವುದು ಚೆನ್ನಾಗಿದೆ ಸಾರ್?" ಎಂದು ದ್ವಾರ್ಕಿ ಕೇಳಿದ.

"ಎರಡನೇದು," ಅಂದರು ಆಚಾರ್ರು. "ಮೊದಲ್ನೇದು ಮಂಕು."

"ಅದು ಲೋಕಲ್ ಮಾಲು ಸಾರ್. ಯಾರೋ ಬಡಗಿ ಮಾಡಿದ್ದು."

ಆಚಾರ್ರು ಎದ್ದು ನನ್ನ ಹತ್ತಿರ ಬಂದರು. ಜೇಬಿನಿಂದ ಒಂದು ಕೈ ತೆಗೆದು, ಬೆರಳ ಗೆಣ್ಣಿನಿಂದ ನನ್ನ ಪಕ್ಕೆಗೆ ಒಂದು ಸಲ ತಟ್ಟಿದರು. ಮರ ಕೊಳ್ಳುವಾಗ ಬಡಗಿಗಳು ತಟ್ಟಿ ನೋಡುತ್ತಾರಲ್ಲ, ಹಾಗೆ. ದ್ವಾರ್ಕಿಯ ಕಣ್ಣು ಆ ಬೆರಳಿನ ಕಲೆಯ ಮೇಲೆ ಬಿತ್ತು. ಅವರು ಇಳಿದು ಹೋದರು. ಕೆಳಗೆ ಯಜಮಾನನ ದನಿ ಕೇಳಿಸಿತು. ಏನ್ ಆಚಾರ್ರೇ, ಮೇಲೆ ಹೋಗಿದ್ದಿರಾ, ನಿಮ್ಮದನ್ನೇ ಕೇಳಿದಿರಾ ಎಂದು ವಿಚಾರಿಸುತ್ತಿದ್ದ. ಮಿಕ್ಕ ಐದು ಜೊತೆ ತರುವುದಿಲ್ಲ, ಇದನ್ನೂ ನೀವೇ ಇಟ್ಟುಕೊಳ್ಳಿ, ವಾಪಸ್ಸು ಹೊರುವುದಕ್ಕೆ ಕೈ ಬರುವುದಿಲ್ಲ ಎಂದರು ಆಚಾರ್ರು.

ಮಹಡಿಯಿಂದ ಕೆಳಕ್ಕೆ ಹದಿನಾಲ್ಕು ಮೆಟ್ಟಿಲು. ದ್ವಾರ್ಕಿಗೆ ಎಲ್ಲ ಅರ್ಥವಾಗಿತ್ತು. ಓಡಿ ಹೋಗಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅವನು ಬಾಗಿಲ ತನಕ ಹೋದ, ಅಲ್ಲೇ ನಿಂತ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಹತ್ತಿ ಬಂದ. ನಾವು ಮತ್ತೆ ಸೋತೆವು.

ಆಮೇಲೆ ಒಂಬತ್ತು ವರ್ಷ. ಮುಂಬಯಿಯ ಜೊತೆಗಳು ಬದಲಾದವು, ಕ್ಯಾಸೆಟ್ಟು ಹೋಗಿ ಸೀಡಿ ಬಂತು, ಸೋಫಾದ ಬಟ್ಟೆ ಹರಿಯಿತು. ಸೋಲುವವರು ಮಾತ್ರ ನಾವೇ. ಕೊನೆಗೆ ಅಂಗಡಿಯೇ ಮುಚ್ಚಿತು. ಬೇಕಾದ್ದು ತೆಗೆದುಕೊಂಡು ಹೋಗು ಎಂದು ಯಜಮಾನ ದ್ವಾರ್ಕಿಗೆ ಹೇಳಿದ. ಹೊಸ ಪೆಟ್ಟಿಗೆಗಳೂ ಇದ್ದವು. ದ್ವಾರ್ಕಿ ನಮ್ಮನ್ನೇ ಆಟೋಗೆ ಹಾಕಿಸಿದ. ಯಾಕೆ ಎಂದು ಅವನಿಗೇ ಗೊತ್ತಿತ್ತೋ ಇಲ್ಲವೋ.

ಅವನ ಮನೆ ಕೃಷ್ಣಮೂರ್ತಿಪುರಂನ ಒಂದು ವಠಾರದಲ್ಲಿ. ಹೆಂಡತಿ ವಿಶಾಲು, ಬಾಯಿ ಜೋರು, ಮನಸ್ಸು ನೇರ. ಭಾನುವಾರ ಬೆಳಿಗ್ಗೆ ನಮಗೆ ತಂತಿ ಜೋಡಿಸಿ ವೀಣೆ ಹಾಕಿದ. ಎಡಗೈಗೆ ಚಟ ಹತ್ತಿತ್ತಲ್ಲ, ಹೋಗಿ ಹಳೆಯ ಜಾಗದಲ್ಲೇ ನಿಂತಿತು. ಅಡುಗೆಮನೆಯಿಂದ ವಿಶಾಲು, ಏನ್ರೀ ಇದು ಸಾವಿನ ಮನೆಯಲ್ಲಿ ಹಾಡು ಹಾಕಿದ ಹಾಗಿದೆ, ಸ್ವಲ್ಪ ಜಾಸ್ತಿ ಮಾಡಿ ಅಂದಳು. ಅವನು ಒಂದು ಗೆರೆ ತಿರುಗಿಸಿದ. ಇನ್ನೊಂದು ಗೆರೆ.

ಕೈ ಅಲ್ಲೇ ನಿಂತುಬಿಟ್ಟಿತು. ಒಂಬತ್ತೂ ಮುಕ್ಕಾಲು ವರ್ಷ ದಿನವೂ ನಮ್ಮನ್ನು ಹಾಡಿಸಿದ ಮನುಷ್ಯ ನಮ್ಮನ್ನು ಕೇಳಿದ್ದು ಆವತ್ತೇ ಮೊದಲು. ವಿಶಾಲು ಸೌಟು ಹಿಡಿದುಕೊಂಡೇ ಬಂದು ನಿಂತಳು.

"ಎಷ್ಟು ಚೆನ್ನಾಗಿದೆಯಲ್ರೀ. ಯಾರು ಮಾಡಿದ್ದು?"

"ಯಾರೋ ಬಡಗಿ," ಅಂದ ದ್ವಾರ್ಕಿ. ಹೇಳಿದವನು ನೆಲ ನೋಡಿದ.

ಆ ಮನೆಯಲ್ಲಿ ಹನ್ನೆರಡು ವರ್ಷ ಇದ್ದೆ. ಎಲ್ಲ ಮಟ್ಟದಲ್ಲೂ ಹಾಡಿದ್ದೇನೆ. ವಠಾರದ ಯಜಮಾನರ ತಾಯಿ ಹಾಸಿಗೆ ಹಿಡಿದಿದ್ದ ಎರಡು ವರ್ಷ ಪಿಸುಮಾತಿನ ಹಾಗೆ ಹಾಡಬೇಕಾಯಿತು. ಆಗ ವಿಶಾಲು ಕುರ್ಚಿಯನ್ನು ಎಳೆದು ನಮ್ಮ ಎದುರಿಗೇ ಹಾಕಿಕೊಂಡು, ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು. ಹತ್ತಿರ ಬಂದರೆ ಹೋದ ದಪ್ಪ ದನಿ ಸ್ವಲ್ಪ ವಾಪಸ್ಸು ಸಿಗುತ್ತದೆ. ಯಾರೂ ಹೇಳಿಕೊಡದೆ ಆಕೆಗೆ ಅದು ಹೊಳೆದಿತ್ತು. ಇನ್ನೊಂದು ಸಲ, ಆಕೆಯ ಅಣ್ಣನ ಮಗನ ಮುಂಜಿ. ನೆಂಟರು ನಮ್ಮನ್ನು ತಾರಸಿಗೆ ಹೊತ್ತುಕೊಂಡು ಹೋಗಿ ಗುಂಡಿಯನ್ನು ಕೊನೆಯ ತನಕ ತಿರುಗಿಸಿದರು. ಮೊದಲು ಹತ್ತು ನಿಮಿಷ ಎಲ್ಲರೂ ಭಾರಿ ಚೆನ್ನಾಗಿದೆ ಅಂದರು. ಅರ್ಧ ಗಂಟೆಗೆ ಒಬ್ಬರ ಮಾತು ಒಬ್ಬರಿಗೆ ಕೇಳದೆ ಕಿರುಚಾಡಿದರು. ಒಂದು ಗಂಟೆಗೆ ಅರ್ಧ ಜನಕ್ಕೆ ತಲೆನೋವು. ಎರಡನೇ ಗಂಟೆಯಲ್ಲಿ ನನ್ನ ಕೋನಿನ ಅಂಚು ಹರಿಯಿತು. ಹರಿದದ್ದು ಯಾರಿಗೂ ಗೊತ್ತಾಗಲಿಲ್ಲ. ಅಷ್ಟು ಗದ್ದಲದಲ್ಲಿ ಹರಿದದ್ದೂ ಸಂಗೀತವೇ.

ಆವತ್ತಿನಿಂದ ನನಗೆ ಗೊರಗೊರ. ವಿಶಾಲುಗೆ ಸಹಿಸಲಾಗಲಿಲ್ಲ. ಮಾಡಿದವರ ಹತ್ತಿರವೇ ತೆಗೆದುಕೊಂಡು ಹೋಗಿ ಅಂದಳು. ದ್ವಾರ್ಕಿ ಒಂದು ವರ್ಷ ಏನೇನೋ ನೆಪ ಹೇಳಿದ. ಆಕೆ ಬಿಡಲಿಲ್ಲ. ಕೊನೆಗೆ ಒಂದು ದಿನ ಊಟಕ್ಕೆ ಕೂತವನು ಅನ್ನ ಕಲಸುತ್ತಾ ಎಲ್ಲವನ್ನೂ ಹೇಳಿದ. ಎರಡು ಗೆರೆ, ಮೂರು ಸಲ, ಯಾರೋ ಬಡಗಿ, ಹದಿನಾಲ್ಕು ಮೆಟ್ಟಿಲು. ಆಕೆ ಮಜ್ಜಿಗೆ ಬಡಿಸುವುದನ್ನು ನಿಲ್ಲಿಸಿದಳು.

"ಅವರು ಇದ್ದಾರೋ ಇಲ್ಲವೋ ನೋಡ್ಕೊಂಡು ಬನ್ನಿ," ಅಂದಳು. "ಇದ್ದರೆ ಹೇಳಿ ಬನ್ನಿ. ಹೇಳದೆ ರಿಪೇರಿ ಮಾತ್ರ ಮಾಡಿಸ್ಕೊಂಡು ಬಂದ್ರೆ ನಾನು ಕೇಳಲ್ಲ ಇದನ್ನ."

ಇಪ್ಪತ್ತೆರಡು ವರ್ಷದ ಮೇಲೆ ನಾನು ಹುಟ್ಟಿದ ಶೆಡ್ಡಿಗೆ ಹೋದೆ. ಶೀಟು ತುಕ್ಕು ಹಿಡಿದಿತ್ತು. ಪಕ್ಕದ ಗಿರಣಿ ಎಂದೋ ಮುಚ್ಚಿ ಅಲ್ಲೊಂದು ಹೊಲಿಗೆ ಅಂಗಡಿ ಬಂದಿತ್ತು. ಒಳಗೆ ಒಂದು ಅರೆಬರೆ ಮಂಚ, ಅದರ ಪಕ್ಕದಲ್ಲಿ ಬಗ್ಗಿ ಕೂತ ಆಚಾರ್ರು. ಎಪ್ಪತ್ತೆರಡು ವರ್ಷ. ಗೋಡೆಯುದ್ದಕ್ಕೂ ನನ್ನ ಒಡಹುಟ್ಟಿದವರು. ಹತ್ತು ಪೆಟ್ಟಿಗೆ. ಕೋನಿಲ್ಲ, ತಂತಿಯಿಲ್ಲ. ಕೋನು ಕೂರಬೇಕಾದ ತೂತಿನಿಂದ ಈರುಳ್ಳಿ ಇಣುಕುತ್ತಿತ್ತು.

ದ್ವಾರ್ಕಿ ನಮ್ಮನ್ನೂ ಜೊತೆಗೆ ತಂದಿದ್ದ ಆಂಪ್ಲಿಫಯರ್, ಸೀಡಿ ಪ್ಲೇಯರನ್ನೂ ಬೆಂಚಿನ ಮೇಲಿಟ್ಟ. ಆಚಾರ್ರು ಅವನನ್ನು ಗುರುತಿಸಲಿಲ್ಲ, ನಮ್ಮನ್ನು ಗುರುತಿಸಿದರು. ಏನೂ ಕೇಳದೆ ನನ್ನ ಕೋನಿಗೆ ತೆಳು ಮಲ್ಲು ಬಟ್ಟೆಯ ತೇಪೆ ಹಾಕಿ ಅಂಟು ಸವರಿದರು. ಅಂಟು ಒಣಗುವ ತನಕ ದ್ವಾರ್ಕಿ ನಿಂತೇ ಇದ್ದ. ಒಣಗಿದ ಮೇಲೆ ಹೇಳಿದ.

"ಆ ಅಂಗಡೀಲಿ ಇದ್ದವನು ನಾನೇ ಆಚಾರ್ರೇ. ನಿಮ್ಮದನ್ನ ಹಾಕೋವಾಗ ಎರಡು ಗೆರೆ ಇಳಿಸ್ತಿದ್ದೆ. ಅದನ್ನ ಹಾಕೋವಾಗ ಏರಿಸ್ತಿದ್ದೆ. ನೀವು ಬಂದಾಗಲೂ ಹಾಗೇ ಮಾಡಿದೆ. ಮಂಕಾಗಿದ್ದಿದ್ದು ಪೆಟ್ಟಿಗೆ ಅಲ್ಲ, ನನ್ನ ಕೈ."

ಆಚಾರ್ರು ಅಂಟಿನ ಬೆರಳನ್ನು ಪಂಚೆಗೆ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

"ನಿಮ್ಮ ಕೈ ಬಿಡಿ ಸ್ವಾಮಿ," ಅಂದರು. "ಕಿವಿ ನಂದಲ್ವಾ."

ಬಾಗಿಲಲ್ಲಿ ಪುಟ್ಟತಾಯಮ್ಮ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ನಾನು ಅವತ್ತೇ ಬಡ್ಕೊಂಡೆ, ಚೆಂದಾಗದೆ ಅಂತ," ಅಂದರು ದ್ವಾರ್ಕಿಗೆ. "ನಂದೇನು ಕಿವಿನಾ ಇವ್ರಿಗೆ. ಓಲೆ ಹಾಕೋಕೆ ಇರೋ ತೂತು."

ಆಚಾರ್ರು ನಮಗೆ ತಂತಿ ಜೋಡಿಸಿದರು. ಹಾಡಿಸಿ, ನಾನು ಸಾಕು ಅನ್ನುವ ತನಕ ಏರಿಸುತ್ತಾ ಹೋಗಿ ಎಂದು ದ್ವಾರ್ಕಿಗೆ ಹೇಳಿದರು. ಮೊದಲು ವೀಣೆ. ಗಿರಣಿಯಿಲ್ಲದ ಶೆಡ್ಡಿನಲ್ಲಿ ನಾವು ಹಾಡಿದ್ದು ಅದೇ ಮೊದಲು. ಹಿತವಾದ ಒಂದು ಮಟ್ಟಕ್ಕೆ ಬಂದಾಗ ಸಾಕು ಅಂದರು. ಕಣ್ಣು ಮುಚ್ಚಿ ಕೇಳಿದರು. ಅದರ ಮುಂದಿನದು ಒಬ್ಬ ಗಂಡಸಿನ ಹಾಡು. ಅವರು ಕಣ್ಣು ತೆರೆದರು. ಎದ್ದು ಬಂದು ಅಂಗೈಯನ್ನು ನನ್ನ ಬೆನ್ನಿಗೆ ಒತ್ತಿ ಹಿಡಿದರು. ತೆಗೆದರು. ಮತ್ತೆ ಒತ್ತಿದರು.

"ಬೆನ್ನು ಗುಂಯ್ ಅಂತದೆ," ಅಂದರು. "ಹಲಗೆ ತೆಳು. ದಪ್ಪ ದನಿ ಬಂದಾಗ ನಡುಗ್ತದೆ."

ಅದು ನಿಜ. ನನಗೆ ಹುಟ್ಟಿದಾಗಿನಿಂದ ಗೊತ್ತು. ಶೆಡ್ಡಿನಲ್ಲಿ ಗಿರಣಿಯ ಸದ್ದು ಅದನ್ನು ನುಂಗಿತ್ತು. ಅಂಗಡಿಯಲ್ಲಿ ಎರಡು ಗೆರೆ ಕಡಿಮೆಯಲ್ಲಿ ದಪ್ಪ ದನಿಯೇ ಇರಲಿಲ್ಲ, ನಡುಗುವುದು ಎಲ್ಲಿಂದ ಬಂತು? ದ್ವಾರ್ಕಿ ಮತ್ತು ವಿಶಾಲುಗೆ ಅದು ಗಾಯಕನ ಎದೆಯ ದನಿಯೇ ಅನ್ನಿಸಿತ್ತು. ಆಚಾರ್ರು ಬೆಂಚಿನ ಮೇಲೆ ಕೂತರು. ಮುಂಬಯಿಯದರ ಪಕ್ಕದಲ್ಲಿ ಸಮವಾಗಿ ಇಟ್ಟು ಕೇಳಿದ್ದರೆ ಯಾರು ಗೆಲ್ಲುತ್ತಿದ್ದರೋ ಎಂದು ದ್ವಾರ್ಕಿ ಮೆಲ್ಲಗೆ ಅಂದ. ಆ ಜೊತೆ ಯಾವ ಗುಜರಿ ಸೇರಿದೆಯೋ, ಇನ್ನು ಅದನ್ನು ತೂಗಿ ನೋಡುವುದಕ್ಕೆ ಆಗುವುದಿಲ್ಲ.

"ಗೆಲ್ಲೋದು ಬಿಡಿ," ಅಂದರು ಆಚಾರ್ರು. "ಇದು ಹದಿನೈದು ದಿನದ ಕೆಲಸ. ಅವತ್ತು ಕೇಳಿಸಿದ್ರೆ ಎರಡನೇ ಜೊತೆಗೇ ಸರಿ ಮಾಡ್ತಿದ್ದೆ. ಇಲ್ದಿರೋ ತಪ್ಪು ಕೇಳಿಸ್ತು, ಇರೋ ತಪ್ಪು ಕೇಳಿಸ್ಲಿಲ್ಲ. ಇಲ್ದಿರೋದನ್ನ ಯಾವ ಉಳಿ ತಗೊಂಡು ಸರಿ ಮಾಡ್ಲಿ? ಅದಕ್ಕೇ ಬಿಟ್ಟೆ."

ದ್ವಾರ್ಕಿ ಕೈಮುಗಿದ. ಅವರು ನೋಡಲಿಲ್ಲ, ನನ್ನ ಬೆನ್ನಿನ ತಿರುಪು ಬಿಚ್ಚತೊಡಗಿದ್ದರು. ಸರಿ ಮಾಡಿ ಇಟ್ಟಿರುತ್ತೇನೆ, ಬಂದು ತೆಗೆದುಕೊಂಡು ಹೋಗಿ ಅಂದರು. ಅವನು ಹೊರಟಾಗ ಪುಟ್ಟತಾಯಮ್ಮ ನನ್ನ ತಮ್ಮನೊಬ್ಬನ ಹೊಟ್ಟೆಗೆ ಕೈ ಹಾಕಿ ಒಂದು ಚೀಲ ಈರುಳ್ಳಿ ತುಂಬಿ ಅವನ ಕೈಗೆ ಕೊಟ್ಟರು. "ತಗೊಂಡೋಗಿ," ಅಂದರು. "ಗಾಳಿ ಚೆನ್ನಾಗಿ ಆಡ್ತದೆ ಇದ್ರಲ್ಲಿ. ಒಂದೂ ಕೊಳ್ತಿಲ್ಲ." ಅದು ಚುಚ್ಚಿದ್ದೋ ಉಪಚಾರವೋ ಅವನಿಗೆ ತಿಳಿಯಲಿಲ್ಲ. ನನಗೂ ತಿಳಿದಿಲ್ಲ.

ಅವನು ಮತ್ತೆ ಬಂದ, ವಿಶಾಲುವನ್ನೂ ಕರೆದುಕೊಂಡು. ಇಬ್ಬರೂ ಕೂತು ಕೇಳಿದರು. ಈ ಪೆಟ್ಟಿಗೆಗಳನ್ನು ಇಲ್ಲೇ ಬಿಟ್ಟು ಹೋಗೋಣ ಎಂದು ಆಕೆ ಗಂಡನಿಗೆ ಹೇಳಿದಳು. ಇದಾಗಿ ಆರು ವರ್ಷ. ಬೆಂಚಿನ ಮೇಲಿನ ಹಲಗೆಯಲ್ಲಿ ಇದ್ದೇವೆ. ಬೆಳಿಗ್ಗೆ ಪುಟ್ಟತಾಯಮ್ಮ ಬಂದು ಆಕಾಶವಾಣಿ ಹಾಕುತ್ತಾರೆ. ಗುಂಡಿ ತಿರುಗಿಸುವ ಅಧಿಕಾರ ಈಗ ಅವರದೇ. ಆಚಾರ್ರ ಕೈ ನಡುಗುತ್ತದೆ, ಉಳಿ ಬಿಟ್ಟು ಮೂರು ವರ್ಷವಾಯಿತು. ಮರದ ಪೆಟ್ಟಿಗೆಯ ಸ್ಪೀಕರ್ ಯಾರು ಕೇಳುತ್ತಾರೆ ಈಗ? ಅಂಗೈಯಗಲದ ಡಬ್ಬಿಗಳು ಬಂದಿವೆ, ಅವೂ ಒಂದನ್ನೊಂದು ಮೀರಿಸಿ ಕೂಗುತ್ತವೆ. ಕೂಗಲಿ. ಜೋರಾಗಿದ್ದದ್ದನ್ನೇ ಒಳ್ಳೆಯದು ಅನ್ನುವ ಕಿವಿಯನ್ನು ನಾನು ಬೈಯುವುದಿಲ್ಲ, ಮಾಡಿದವರ ಕಿವಿಯೇ ಒಮ್ಮೆ ಹಾಗೆ ಅಂದಿತ್ತು. ನನಗೆ ಬೈಯುವಷ್ಟು ಉಸಿರೂ ಇಲ್ಲ.

ಒಂದೇ ಒಂದು ಉಳಿದಿದೆ, ಹೇಳಿ ಮುಗಿಸುತ್ತೇನೆ. ಆವತ್ತು ನನ್ನ ಬೆನ್ನು ಬಿಚ್ಚಿದರಲ್ಲ, ಹಲಗೆಗೆ ಅಡ್ಡಲಾಗಿ ಒಂದು ತೇಗದ ಪಟ್ಟಿ ಕೂರಿಸಿದರು. ನಡುಕ ನಿಂತಿತು. ಮುಚ್ಚುವ ಮೊದಲು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಹಲಗೆಯ ಒಳಮೈ ಮೇಲೆ ನಿಧಾನವಾಗಿ ಏನೋ ಬರೆದರು. ಹೆಂಡತಿ ನೋಡಲಿಲ್ಲ. ದ್ವಾರ್ಕಿಗೂ ಗೊತ್ತಿಲ್ಲ. ತಿರುಪು ಬಿಗಿದ ಮೇಲೆ ಅದು ನನ್ನ ಹೊಟ್ಟೆಯೊಳಗೆ ಹೋಯಿತು, ಇನ್ನು ನಾನು ಒಡೆದಾಗಲೇ ಹೊರಗೆ ಬರುವುದು.

ಎಪ್ಪತ್ತೆರಡು ವರ್ಷದ ಮನುಷ್ಯ ಬರೆದದ್ದು ಇಷ್ಟು: ಹಿಂದಿನ ಹಲಗೆ ಅರ್ಧ ಅಂಗುಲ ಸಾಲದು. ಮುಂದಿನ ಜೊತೆಗೆ ಮುಕ್ಕಾಲು.